ತೋಟ ಕಾಯ್ದವರು, ಪಟ್ಟಣ ಕಟ್ಟಿದವರು: ಗುರಾಗೆ ಜನರ ಚರಿತ್ರೆ ಮತ್ತು ಬದುಕು

ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲಿ ಗುರಾಗೆ ಎಂದರೆ ಮೊದಲು ಅಂಗಡಿ ನೆನಪಾಗುತ್ತದೆ, ಆಮೇಲೆ ಕಿತ್ಫೊ ಎಂಬ ಹಸಿ ಮಾಂಸದ ಅಡುಗೆ. ಮರ್ಕಾಟೊ ಪೇಟೆಯ ಸಗಟು ವ್ಯಾಪಾರಿ, ಬೀದಿ ಬದಿಯಲ್ಲಿ ಬೂಟು ಒರೆಸುವ ಹುಡುಗ, ಹಸಿ ಮಾಂಸದ ಊಟ ಬಡಿಸುವ ಹೋಟೆಲಿನ ಮಾಲೀಕ: ಇಥಿಯೋಪಿಯಾದ ಉಳಿದವರ ಕಣ್ಣಿಗೆ ಗುರಾಗೆ ಕಾಣಿಸುವುದು ಹೀಗೆ. ಮೈಮುರಿದು ದುಡಿಯುವವನು, ಕಾಸಿನ ಲೆಕ್ಕ ತಪ್ಪದವನು ಎಂಬ ಮಾತು ಹೊಗಳಿಕೆಯೂ ಹೌದು, ಅದರೊಳಗೆ ಸಣ್ಣ ಕೊಂಕೂ ಇದೆ. ಈ ಚಿತ್ರ ಸುಳ್ಳಲ್ಲ, ಆದರೆ ಅರ್ಧ. ಗಂಡಸು ಊರು ಬಿಟ್ಟು ಪೇಟೆಗೆ ಹೋಗಿ ವರ್ಷಗಟ್ಟಲೆ ಇರಲು ಸಾಧ್ಯವಾದದ್ದು ಊರಿನಲ್ಲಿ ಎನ್ಸೆಟ್ ಎಂಬ ಒಂದು ಗಿಡವಿತ್ತು, ಆ ಗಿಡವನ್ನು ಅನ್ನವಾಗಿಸಬಲ್ಲ ಹೆಂಗಸರಿದ್ದರು ಎಂಬ ಕಾರಣಕ್ಕೆ. ಇಂದಿನ ಮಾತಿನ ಹೆಚ್ಚು ಪಾಲು ಆ ಗಿಡದ ಬಗ್ಗೆಯೇ ಇರುತ್ತದೆ.

ಮೊದಲು ನೆಲದ ಪರಿಚಯ. ಅಡಿಸ್ ಅಬಾಬಾದಿಂದ ನೈಋತ್ಯಕ್ಕೆ ಜಿಮ್ಮಾ ರಸ್ತೆ ಹಿಡಿದರೆ ಸುಮಾರು 155 ಕಿಲೊಮೀಟರಿಗೆ ವೊಲ್ಕಿಟೆ ಪಟ್ಟಣ ಸಿಗುತ್ತದೆ. ಅದು ಗುರಾಗೆ ವಲಯದ ಆಡಳಿತ ಕೇಂದ್ರ. ಉತ್ತರಕ್ಕೆ ಅವಾಶ್ ನದಿ, ನೈಋತ್ಯಕ್ಕೆ ಗೀಬೆ ನದಿ, ಪೂರ್ವಕ್ಕೆ ಜ್ವಾಯ್ ಸರೋವರ. ನಡುವೆ ಗುರಾಗೆ ಬೆಟ್ಟಸಾಲು, ಅದರ ನೆತ್ತಿ 3,700 ಮೀಟರಿಗೂ ಎತ್ತರ. ಬೆಟ್ಟದ ಪೂರ್ವ ಬದಿಯಲ್ಲಿ ಬುತಾಜಿರಾ ಎಂಬ ಪೇಟೆ. ಅದರ ಅಕ್ಕಪಕ್ಕದ ಮರೇಕೊ ಸೀಮೆಯ ಕೆಂಪು ಮೆಣಸಿನಕಾಯಿಗೆ ದೇಶದಾದ್ಯಂತ ಹೆಸರಿದೆ. 2023ರಲ್ಲಿ ಹಳೆಯ ದಕ್ಷಿಣ ಪ್ರಾಂತವನ್ನು ಒಡೆದಾಗ ಈ ಪ್ರದೇಶ ಮಧ್ಯ ಇಥಿಯೋಪಿಯಾ ಎಂಬ ಹೊಸ ಪ್ರಾಂತಕ್ಕೆ ಸೇರಿತು. ತಮಗೆ ಪ್ರತ್ಯೇಕ ಪ್ರಾಂತವೇ ಬೇಕೆಂದು ಗುರಾಗೆಗಳು ಹಿಂದಿನ ವರ್ಷ ವೊಲ್ಕಿಟೆಯಲ್ಲಿ ಅಂಗಡಿ ಮುಚ್ಚಿ ಪ್ರತಿಭಟಿಸಿದ್ದರು. ಆ ಅಸಮಾಧಾನ ಇನ್ನೂ ಆರಿಲ್ಲ.

ಗುರಾಗೆ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ, ಆದರೆ ಒಳಗೆ ಹಲವು ಗುಂಪುಗಳು. ಉತ್ತರದಲ್ಲಿ ಕಿಸ್ತಾನೆ ಅಥವಾ ಸೊದ್ದೊ ಜನ. ಪಶ್ಚಿಮದಲ್ಲಿ ‘ಸೆಬಾತ್ ಬೇತ್’, ಅಂದರೆ ಏಳು ಮನೆಗಳವರು: ಚಾಹಾ, ಎಝಾ, ಮುಹೆರ್, ಗುಮೆರ್, ಎನ್ನೆಮೊರ್ ಮುಂತಾದವರು. ಮೆಸ್ಕಾನ್ ಜನ ಬೇರೆ. ಪೂರ್ವದ ಸಿಲ್ಟೆಗಳನ್ನೂ ಮೊದಲು ಗುರಾಗೆಗಳ ಜೊತೆಯಲ್ಲೇ ಎಣಿಸುತ್ತಿದ್ದರು. 2001ರಲ್ಲಿ ಅವರು ಮತ ಹಾಕಿ ತಾವು ಬೇರೆ ಜನಾಂಗ ಎಂದು ತೀರ್ಮಾನಿಸಿ ತಮ್ಮದೇ ವಲಯ ಮಾಡಿಕೊಂಡರು.

ಮೂಲದ ಬಗ್ಗೆ ಎರಡು ಮೂರು ಹೇಳಿಕೆಗಳಿವೆ. 14ನೆಯ ಶತಮಾನದಲ್ಲಿ ಚಕ್ರವರ್ತಿ ಅಮ್ದಾ ಸೆಯೋನನ ಕಾಲಕ್ಕೆ ಉತ್ತರದ ಗುರಾ ಎಂಬ ಊರಿನಿಂದ ಅಜ್ಮಾಚ್ ಸೆಬ್ಹಾತ್ ಎಂಬ ದಂಡನಾಯಕ ಸೈನ್ಯದೊಂದಿಗೆ ಬಂದು ಇಲ್ಲಿ ನೆಲೆನಿಂತ ಎಂಬುದು ಒಂದು. ಪೂರ್ವದವರು ತಾವು ಹರಾರ್ ಕಡೆಯಿಂದ ಬಂದೆವೆನ್ನುತ್ತಾರೆ. ಎರಡೂ ಇರಬಹುದು. ಬಂದವರು ಸೆಮೆಟಿಕ್ ಭಾಷೆ ತಂದರು, ಮೊದಲೇ ಇದ್ದ ಕುಶಿಟಿಕ್ ಭಾಷೆಯ ಜನರಿಂದ ಗಿಡದ ವಿದ್ಯೆ ಕಲಿತು ಅವರಲ್ಲೇ ಬೆರೆತರು ಎಂಬುದು ಭಾಷೆಯನ್ನೂ ಬೇಸಾಯವನ್ನೂ ಒಟ್ಟಿಗಿಟ್ಟು ನೋಡಿದವರಿಗೆ ಒಪ್ಪಿಗೆಯಾಗುವ ಮಾತು. ಅದಕ್ಕಿಂತ ಗಟ್ಟಿಯಾದ ಹಳೆಯ ಸಾಕ್ಷಿ ಸೊದ್ದೊ ಸೀಮೆಯ ತಿಯಾದಲ್ಲಿ ನಿಂತಿದೆ. ಅಲ್ಲಿ 36 ನಿಲುಗಲ್ಲುಗಳು, ಅವುಗಳಲ್ಲಿ 32ರ ಮೇಲೆ ಕೆತ್ತನೆ. ಹೆಚ್ಚಿನವಲ್ಲಿ ಕತ್ತಿಯ ಚಿತ್ರಗಳು ಸಾಲಾಗಿವೆ. 1980ರಿಂದ ಅದು ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಅಂಥ ಸುಮಾರು 160 ನೆಲೆಗಳು ಆ ಸೀಮೆಯಲ್ಲಿ ಪತ್ತೆಯಾಗಿವೆ. ಸಮಾಧಿ ಕಲ್ಲುಗಳೆಂಬುದು ಉತ್ಖನನದಿಂದ ತಿಳಿದಿದೆ. ನೆಟ್ಟವರು ಇಂದಿನ ಗುರಾಗೆಗಳ ಹಿರಿಯರೇ ಎಂದು ಎದೆತಟ್ಟಿ ಹೇಳುವವರ ಮಾತನ್ನು ಮಾತ್ರ ಸ್ವಲ್ಪ ತಡೆದು ಕೇಳಬೇಕು.

ಈಗ ಗಿಡಕ್ಕೆ ಬರೋಣ. ಹೆಸರು ಎನ್ಸೆಟ್, ಚಾಹಾ ಮಾತಿನಲ್ಲಿ ಅಸತ್. ದೂರದಿಂದ ನೋಡಿದರೆ ಬಾಳೆಯೇ. ಎಲೆ ಅದೇ, ಒಂದರ ಮೇಲೊಂದು ಸುತ್ತಿಕೊಂಡ ಪಟ್ಟೆಯ ಕಾಂಡ ಅದೇ, ನೆಲದೊಳಗೆ ಗಡ್ಡೆ ಅದೇ. ಆದರೆ ಇದರ ಹಣ್ಣು ಯಾರೂ ತಿನ್ನುವುದಿಲ್ಲ, ಅದರ ತುಂಬ ಕಲ್ಲಿನಂಥ ಬೀಜ. ನಮ್ಮ ಪಶ್ಚಿಮ ಘಟ್ಟದ ಬಂಡೆಯಂಚಿನಲ್ಲಿ ಬೆಳೆಯುವ ಕಲ್ಲುಬಾಳೆ ಇದೇ ಕುಲದ ಗಿಡ. ಎನ್ಸೆಟ್‌ನ ಸಸ್ಯಶಾಸ್ತ್ರದ ಹೆಸರು ಎನ್ಸೆಟೆ ವೆಂಟ್ರಿಕೋಸಂ, ಕಲ್ಲುಬಾಳೆಯದು ಎನ್ಸೆಟೆ ಸುಪರ್ಬಂ. ಎರಡೂ ಒಮ್ಮೆ ಹೂಬಿಟ್ಟು ಸಾಯುತ್ತವೆ, ಬಾಳೆಯಂತೆ ತಾವಾಗಿ ಬುಡದಲ್ಲಿ ಮರಿ ಹಾಕುವುದಿಲ್ಲ. ಗುರಾಗೆ ರೈತನ ಮೊದಲ ಜಾಣತನ ಇಲ್ಲೇ ಇದೆ. ಮರಿ ಹಾಕದ ಗಿಡದಿಂದ ಅವನು ಮರಿ ಹಾಕಿಸುತ್ತಾನೆ.

ಹೇಗೆಂದರೆ, ಎರಡರಿಂದ ನಾಲ್ಕು ವರ್ಷದ ಎಳೆಯ ಗಿಡವನ್ನು ಗಡ್ಡೆ ಸಮೇತ ಕಿತ್ತು ಕಾಂಡವನ್ನು ಗಡ್ಡೆಯ ಮೇಲ್ಗಡೆ ಒಂದಷ್ಟು ಬಿಟ್ಟು ಕತ್ತರಿಸುತ್ತಾರೆ. ನಡುವಿನ ಬೆಳೆಯುವ ಕುಡಿಯನ್ನು ಚೂಪಾದ ಕತ್ತಿಯಿಂದ ಕೆತ್ತಿ ತೆಗೆಯುತ್ತಾರೆ. ಕುಡಿ ಪೂರ್ತಿ ಹೋಗದಿದ್ದರೆ ಅದೇ ಮತ್ತೆ ಚಿಗುರಿ ಮೇಲೆ ಬರುತ್ತದೆ, ಮರಿಗಳು ಬರುವುದಿಲ್ಲ. ಕೆತ್ತಿದ ಗಡ್ಡೆಯನ್ನು ಕೆಲವು ದಿನ ನೆರಳಿನಲ್ಲಿ ಆರಿಸಿ, ಗೊಬ್ಬರ ಹಾಕಿದ ಗುಂಡಿಯಲ್ಲಿ ಹೂಳಬೇಕು. ಆರಿಸದೆ ಹಸಿಯಾಗಿ ಹೂತರೆ ಗಾಯದ ಜಾಗ ಕೊಳೆಯುತ್ತದೆ. ಮಳೆ ಶುರುವಾಗುವ ಮುಂಚೆ ಇದಾಗಬೇಕು. ಎಲ್ಲ ಸರಿಯಾದರೆ ಎರಡು ಮೂರು ತಿಂಗಳಲ್ಲಿ ಒಂದು ಗಡ್ಡೆಯ ಸುತ್ತ 40ರಿಂದ 200ರವರೆಗೆ ಮರಿಗಳು ಏಳುತ್ತವೆ.

ಬೇರೆ ಸೀಮೆಯವರು, ಉದಾಹರಣೆಗೆ ಸಿದಾಮಾ ಜನ, ಮರಿಯನ್ನು ಹೆಚ್ಚುಕಡಿಮೆ ನೇರವಾಗಿ ತೋಟಕ್ಕೆ ನೆಡುತ್ತಾರೆ. ಗುರಾಗೆಗಳು ಹಾಗಲ್ಲ. ಮರಿಯನ್ನು ಮೊದಲು ಒತ್ತಾದ ಸಾಲಿಗೆ, ವರ್ಷದ ಮೇಲೆ ಸ್ವಲ್ಪ ಅಗಲದ ಸಾಲಿಗೆ, ಮತ್ತೆ ಇನ್ನೂ ಅಗಲಕ್ಕೆ ಎಂದು ಮೂರು ನಾಲ್ಕು ಸಲ ಕಿತ್ತು ನೆಡುತ್ತಾರೆ. ಪ್ರತಿ ಸಲವೂ ಬೇರನ್ನೂ ಎಲೆಯನ್ನೂ ಕತ್ತರಿಸುತ್ತಾರೆ. ಪ್ರತಿ ಹಂತದ ಗಿಡಕ್ಕೂ ಬೇರೆ ಬೇರೆ ಹೆಸರು. ಕೆಲಸ ದುಪ್ಪಟ್ಟು, ಕಾಯುವುದೂ ಹೆಚ್ಚು. ಲಾಭ ಎರಡು. ಬೇಗ ಹೂಬಿಡದೆ ಗಿಡ ದಪ್ಪವಾಗುತ್ತದೆ. ಎಳೆಯ ಗಿಡಗಳು ಒತ್ತಾಗಿರುವಾಗ ಕಡಿಮೆ ಜಾಗ ಸಾಕು, ಆದ್ದರಿಂದ ಸಣ್ಣ ಹಿಡುವಳಿಯಲ್ಲಿ ಎಲ್ಲ ವಯಸ್ಸಿನ ಗಿಡಗಳೂ ಸದಾ ಇರುತ್ತವೆ. ಸಮುದ್ರಮಟ್ಟದಿಂದ 1,500ರಿಂದ 3,100 ಮೀಟರ್ ಎತ್ತರದವರೆಗೆ ಇದು ಬೆಳೆಯುತ್ತದೆ. ಕೊಯ್ಲಿಗೆ ನಾಲ್ಕರಿಂದ ಏಳು ವರ್ಷ, ಚಳಿ ಹೆಚ್ಚಿರುವ ಎತ್ತರದಲ್ಲಿ ಇನ್ನೂ ತಡ. ಗೊಬ್ಬರವೇ ಇದರ ಜೀವ. ದನದ ಕೊಟ್ಟಿಗೆ ಮನೆಯೊಳಗೇ ಇರುತ್ತದೆ, ಸಗಣಿ ದಿನವೂ ಹಿತ್ತಲಿನ ತೋಟಕ್ಕೆ ಹೋಗುತ್ತದೆ. ದನ ಕಡಿಮೆಯಾದ ಮನೆಯ ಎನ್ಸೆಟ್ ಎರಡು ಮೂರು ವರ್ಷದಲ್ಲೇ ಬಡಕಲಾಗಿ ಗುರುತಾಗುತ್ತದೆ.

ಅಗೆಯುವುದು, ನೆಡುವುದು, ಕೀಳುವುದು ಗಂಡಸರದು. ಗಿಡ ನೆಲಕ್ಕೆ ಬಿದ್ದ ಮೇಲೆ ಎಲ್ಲವೂ ಹೆಂಗಸರದು. ಆ ಜಾಗಕ್ಕೆ ಗಂಡಸು ಸುಳಿಯಬಾರದೆಂಬ ಕಟ್ಟುಪಾಡೂ ಇದೆ. ನೆರೆಹೊರೆಯ ಹೆಂಗಸರು ಮುಯ್ಯಿಗೆ ಬಂದು ಒಟ್ಟಾಗಿ ಕೂರುತ್ತಾರೆ. ನೆಲಕ್ಕೆ ಎಲೆ ಹಾಸಿ, ಒಂದು ಹಲಗೆಯನ್ನು ಗಿಡಕ್ಕೆ ಓರೆಯಾಗಿ ಆನಿಸುತ್ತಾರೆ. ಕಾಂಡದಿಂದ ಸುಲಿದ ಪಟ್ಟೆಯನ್ನು ಹಲಗೆಯ ಮೇಲಿಟ್ಟು, ನೆಲದಲ್ಲಿ ಕೂತವಳು ಒಂದು ಕಾಲೆತ್ತಿ ಹಿಮ್ಮಡಿಯಿಂದ ಪಟ್ಟೆಯ ಮೇಲ್ತುದಿಯನ್ನು ಒತ್ತಿ ಹಿಡಿಯುತ್ತಾಳೆ, ಸೀಳಿದ ಬಿದಿರಿನ ತುಂಡಿನಿಂದ ಮೇಲಿನಿಂದ ಕೆಳಕ್ಕೆ ಹೆರೆಯುತ್ತಾಳೆ. ತಿರುಳು ಕೆಳಗೆ ಬೀಳುತ್ತದೆ, ಕೈಯಲ್ಲಿ ಬಿಳಿ ನಾರು ಉಳಿಯುತ್ತದೆ. ಒತ್ತಡ ಹೆಚ್ಚಾದರೆ ನಾರು ತುಂಡಾಗಿ ತಿರುಳಿಗೆ ಸೇರುತ್ತದೆ, ಆಮೇಲೆ ರೊಟ್ಟಿ ತಿನ್ನುವಾಗ ಹಲ್ಲಿಗೆ ಸಿಕ್ಕುತ್ತದೆ. ಕಡಿಮೆಯಾದರೆ ಪಿಷ್ಟ ಪಟ್ಟೆಯಲ್ಲೇ ಉಳಿದು ನಷ್ಟ. ದಿನವಿಡೀ ಈ ಭಂಗಿಯಲ್ಲಿ ಕೂರುವುದು ಸೊಂಟ, ತೊಡೆಗಳನ್ನು ಹಿಂಡುವ ಕೆಲಸ. ಹೆರೆಯುವ ಯಂತ್ರಗಳನ್ನು ಮಾಡಿದ್ದಾರೆ, ಆದರೆ ಅವು ಇನ್ನೂ ಎಲ್ಲ ಹಿತ್ತಲಿಗೆ ತಲುಪಿಲ್ಲ. ಎನ್ಸೆಟ್‌ನ ಗುಣಗಾನ ಮಾಡುವ ಬರಹಗಳು ಈ ಸೊಂಟದ ಲೆಕ್ಕವನ್ನು ಬಿಟ್ಟುಬಿಡುತ್ತವೆ.

ಗಡ್ಡೆಯನ್ನು ಹಲ್ಲು ಹಲ್ಲಾಗಿ ಕೆತ್ತಿದ ಮರದ ಉಪಕರಣದಿಂದ ಜಜ್ಜಿ ತುರಿಯಬೇಕು. ತಿರುಳನ್ನೂ ತುರಿಯನ್ನೂ ಹಿಂಡಿದಾಗ ಬರುವ ನೀರನ್ನು ಎಲೆ ಹಾಸಿದ ಸಣ್ಣ ಗುಂಡಿಯಲ್ಲಿ ನಿಲ್ಲಿಸಿದರೆ ತಳದಲ್ಲಿ ಹಾಲುಬಿಳಿ ಪಿಷ್ಟ ಇಳಿಯುತ್ತದೆ. ಮೇಲಿನ ನೀರು ಚೆಲ್ಲಿ ತೆಗೆದ ಆ ಪಿಷ್ಟವೇ ಬುಲ್ಲಾ, ಈ ಗಿಡದಿಂದ ಸಿಗುವ ಮೂರು ಆಹಾರಗಳಲ್ಲಿ ಅತ್ಯಂತ ಬೆಲೆಯದು. ಬೆಣ್ಣೆ ಹಾಕಿ ಗಂಜಿ ಕಾಯಿಸಿ ಬಾಣಂತಿಗೆ, ಕಾಯಿಲೆಯವರಿಗೆ ಕೊಡುತ್ತಾರೆ. ಎರಡನೆಯದು ಅಮಿಚೊ: ಎಳೆಯ ಗಡ್ಡೆಯನ್ನು ಗೆಣಸಿನಂತೆ ಬೇಯಿಸಿದ್ದು. ಅಸ್ತಾರಾ ಎಂಬ ತಳಿಯ ಗಡ್ಡೆ ಮೂಳೆ ಮುರಿದವರಿಗೆ ಒಳ್ಳೆಯದೆಂದು ನಂಬುತ್ತಾರೆ. ಮೂರನೆಯದು ಕೋಚೊ, ದಿನದ ಊಟ.

ಕೋಚೊ ಹುದುಗಬೇಕು. ಗುಂಡಿ ತೋಡಿ ಎನ್ಸೆಟ್ ಎಲೆಗಳನ್ನು ಪದರ ಪದರವಾಗಿ ಹಾಸಿ, ತಿರುಳಿನ ಜೊತೆ ಮೊದಲೇ ಎಲೆಯಲ್ಲಿ ಸುತ್ತಿಟ್ಟು ಹುಳಿಯೇರಿಸಿದ ಗಡ್ಡೆಯ ತುರಿಯನ್ನು ಹೆಪ್ಪಿನಂತೆ ಬೆರೆಸಿ, ಒತ್ತಿ ತುಂಬಿ, ಎಲೆ ಮುಚ್ಚಿ ಕಲ್ಲು ಹೇರುತ್ತಾರೆ. ಮೊಸರು ಹುಳಿಸುವ ಜಾತಿಯ ಬ್ಯಾಕ್ಟೀರಿಯಾಗಳೇ ಇಲ್ಲೂ ಕೆಲಸ ಮಾಡುತ್ತವೆ. ವಾರ ಎರಡು ವಾರಕ್ಕೊಮ್ಮೆ ತೆರೆದು ಮಗುಚಿ, ಕೆಟ್ಟ ಎಲೆ ತೆಗೆದು ಹೊಸದು ಹಾಸಬೇಕು. ಬೆಚ್ಚಗಿನ ಜಾಗದಲ್ಲಿ ಹದಿನೈದು ದಿನಕ್ಕೆ ತಿನ್ನಲು ಬರುತ್ತದೆ, ಚಳಿಯ ಎತ್ತರದಲ್ಲಿ ತಿಂಗಳುಗಳೇ ಬೇಕು. ಎಲೆ ಬದಲಿಸುತ್ತಿದ್ದರೆ ವರ್ಷಗಟ್ಟಲೆ ಕೆಡದೆ ಇರುತ್ತದೆ. ಕೆಡುವುದು ಯಾವಾಗೆಂದರೆ, ಎಲೆ ಹರಿದು ಗಾಳಿ ಅಥವಾ ಮಳೆನೀರು ಒಳಹೊಕ್ಕಾಗ. ಆಗ ಮೇಲ್ಪದರ ಕಪ್ಪಾಗಿ, ಹುಳಿವಾಸನೆ ಹೋಗಿ ಕೊಳೆತ ಬೆಣ್ಣೆಯ ನಾತ ಹೊಡೆಯುತ್ತದೆ. ಚೆನ್ನಾಗಿ ಹುದುಗಿದ ಕೋಚೊಗೂ ಹೊಸಬರ ಮೂಗು ಸಿಂಡರಿಸುವಷ್ಟು ವಾಸನೆ ಇರುತ್ತದೆ, ಅದು ಬೇರೆ ಮಾತು. ಅಡುಗೆಗೆ ಬೇಕಾದಷ್ಟು ತೆಗೆದು, ನಾರಿನ ಬಟ್ಟೆಯಲ್ಲಿ ಬಿಗಿಯಾಗಿ ಹಿಂಡಿ, ಕತ್ತಿಯಿಂದ ಕೊಚ್ಚಿ ಉಳಿದ ನಾರು ತೆಗೆದು, ನಾದಿ, ಎಲೆಯ ನಡುವೆ ತಟ್ಟಿ ಮಣ್ಣಿನ ಹೆಂಚಿನ ಮೇಲೆ ಬೇಯಿಸುತ್ತಾರೆ. ನೀರಂಶ ಉಳಿದರೆ ನಡು ಅಂಟಂಟಾಗಿ ಬೇಯದೆ ಉಳಿಯುತ್ತದೆ.

ಈಗ ಲೆಕ್ಕ ನೋಡಿ. ಬಲಿತ ಒಂದು ಗಿಡಕ್ಕೆ ಗಾತ್ರ ನೋಡಿಕೊಂಡು ಸುಮಾರು 20ರಿಂದ 30 ಕಿಲೊ ಕೋಚೊ. 40ರಿಂದ 60 ಗಿಡಗಳಿದ್ದರೆ, ಅಂದರೆ 250ರಿಂದ 375 ಚದರ ಮೀಟರ್ ಜಾಗವಿದ್ದರೆ, ಐದಾರು ಜನರ ಸಂಸಾರಕ್ಕೆ ಸಾಕಾಗುತ್ತದೆಂದು ಕೃಷಿ ಅಧ್ಯಯನಗಳು ಹೇಳುತ್ತವೆ. ಕೋಚೊದಲ್ಲಿ ಪ್ರೋಟೀನ್ ತೀರ ಕಡಿಮೆ. ಹಾಗಾಗಿ ಹಾಲು, ಪನೀರಿನಂಥ ಅಯಿಬ್, ಕಾಳು, ಸೊಪ್ಪು ಜೊತೆಗಿರಲೇಬೇಕು. ಎನ್ಸೆಟ್‌ಗೆ ಕೊಯ್ಲಿನ ತಾರೀಕಿಲ್ಲ ಎಂಬುದು ಎಲ್ಲಕ್ಕಿಂತ ಮುಖ್ಯ. ಈ ತಿಂಗಳು ಕಡಿಯದಿದ್ದರೆ ಮುಂದಿನ ತಿಂಗಳು ಕಡಿಯಬಹುದು, ಹೂಬಿಡುವವರೆಗೆ ಅವಸರವಿಲ್ಲ. ಮಳೆ ಒಂದು ವರ್ಷ ಕೈಕೊಟ್ಟರೆ ಜೋಳ, ತೆಫ್ ಎಂಬ ಸಣ್ಣ ಧಾನ್ಯ ಬೆಳೆಯುವ ಸೀಮೆ ಕಂಗಾಲಾಗುತ್ತದೆ. ಎನ್ಸೆಟ್ ಕಾಂಡದಲ್ಲಿ ನೀರೂ ಗುಂಡಿಯಲ್ಲಿ ಅನ್ನವೂ ಇರುತ್ತದೆ. 1984–85ರ ಭೀಕರ ಬರದಲ್ಲಿ ಉತ್ತರದ ಧಾನ್ಯದ ಸೀಮೆ ಸತ್ತಷ್ಟು ಎನ್ಸೆಟ್ ಸೀಮೆ ಸಾಯಲಿಲ್ಲ. ಉಳುಮೆ, ಕೊಯ್ಲು, ಒಕ್ಕಣೆ ಎಂಬ ತುರ್ತುಗಳಿಲ್ಲದ ಕಡೆ ಗಂಡಾಳು ವರ್ಷದ ಬಹುಪಾಲು ಊರಿನಲ್ಲಿ ಇರಲೇಬೇಕೆಂದಿಲ್ಲ.

ಹಳ್ಳಿಯ ರೂಪವೂ ಈ ಗಿಡದ ಸುತ್ತಲೇ. ನಡುವೆ ಜೆಫೋರೆ ಎಂಬ ಅಗಲವಾದ ಹುಲ್ಲಿನ ಬೀದಿ, ಕೆಲವೆಡೆ 50 ಮೀಟರಿಗೂ ಅಗಲ. ಎರಡೂ ಬದಿಗೆ ಬೇಲಿಯೊಳಗೆ ಮನೆಗಳು. ಮನೆಯ ಹಿಂದೆ ಎನ್ಸೆಟ್ ತೋಟ, ಅದರ ಆಚೆ ಮೇವಿನ ನೆಲ, ನೀಲಗಿರಿ ತೋಪು. ಜೆಫೋರೆ ಯಾರ ಸ್ವತ್ತೂ ಅಲ್ಲ. ಮದುವೆ ದಿಬ್ಬಣ, ಸಾವಿನ ಸಭೆ, ನ್ಯಾಯ ಪಂಚಾಯಿತಿ, ಕರು ಮೇಯಿಸುವುದು, ಹುಡುಗರ ಫುಟ್‌ಬಾಲ್ ಎಲ್ಲಕ್ಕೂ ಅದೇ. ಒತ್ತುವರಿ ಮಾಡಿದವನನ್ನು ಹಿರಿಯರು ಕರೆಸಿ ಬೇಲಿ ಹಿಂದಕ್ಕೆ ತೆಗೆಸುತ್ತಾರೆ. ಈಗ ಬರುತ್ತಿರುವ ತೊಂದರೆ ವಾಹನಗಳದ್ದು. ಹುಲ್ಲಿನ ಹೊದಿಕೆ ಚಕ್ರಕ್ಕೆ ಸಿಕ್ಕಿ ಒಮ್ಮೆ ಹರಿದರೆ ಮಳೆನೀರು ಆ ಗಾಡಿಜಾಡಿನಲ್ಲೇ ಹರಿದು ಕೊರಕಲು ಮಾಡುತ್ತದೆ.

ಮನೆ ದುಂಡಗೆ. ನಡುವೆ ದಪ್ಪನೆಯ ಒಂದು ಕಂಬ, ಅದರಿಂದ ಸುತ್ತಲೂ ಹರಡಿದ ಊರೆಗಂಬಗಳು, ಮೇಲೆ ಹುಲ್ಲಿನ ಮಾಡು. ಒಳಗಿನ ಒಲೆಯ ಹೊಗೆ ಮಾಡಿಗೆ ಮಸಿ ಹಿಡಿಸಿ ಗೆದ್ದಲು, ಹುಳು ಹತ್ತದಂತೆ ಕಾಯುತ್ತದೆ. ಒಲೆ ಹಚ್ಚದೆ ಬೀಗ ಹಾಕಿದ ಮನೆಯ ಮಾಡು ಬೇಗ ಲಡ್ಡಾಗುತ್ತದೆ. ಈ ಕಂಬ ನಿಲ್ಲಿಸಿ ಮಾಡು ಕಟ್ಟುತ್ತಿದ್ದವರು ಫುಗಾ ಎಂಬ ಬಡಗಿಗಳು. ಅವರಿಲ್ಲದೆ ಮನೆಯಿಲ್ಲ, ಕೆಲವು ಆಚರಣೆಗಳೂ ಅವರಿಲ್ಲದೆ ನಡೆಯುತ್ತಿರಲಿಲ್ಲ. ಆದರೂ ಅವರಿಗೆ ಹೊಲವಿಲ್ಲ, ಅವರೊಡನೆ ಮದುವೆಯಿಲ್ಲ, ಅವರು ಮಣ್ಣು ಮುಟ್ಟಿದರೆ ಅದು ಬಂಜೆಯಾಗುತ್ತದೆಂಬ ನಂಬಿಕೆ. ಕಮ್ಮಾರರಿಗೂ ಚರ್ಮ ಹದ ಮಾಡುವವರಿಗೂ ಇದೇ ಪಾಡು. ಇಂಥ ವ್ಯವಸ್ಥೆ ಹೇಗೆ ನಡೆಯುತ್ತದೆಂದು ಕನ್ನಡದ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಪಟ್ಟಣ. 1870ರ ದಶಕದಲ್ಲಿ, ಮುಂದೆ ಇಥಿಯೋಪಿಯಾದ ಚಕ್ರವರ್ತಿಯಾದ ಮೆನೆಲಿಕ್ ದಕ್ಷಿಣಕ್ಕೆ ರಾಜ್ಯ ವಿಸ್ತರಿಸಿದಾಗ ಕ್ರೈಸ್ತರಾದ ಕಿಸ್ತಾನೆಗಳು ಹೆಚ್ಚು ಜಗಳವಿಲ್ಲದೆ ಒಪ್ಪಿದರು. ಪಶ್ಚಿಮದ ಏಳು ಮನೆಗಳವರು ಒಪ್ಪಲಿಲ್ಲ. ನೆರೆಯ ಕೆಬೆನಾದ ಹಸನ್ ಎಂಜಾಮೊ ಮುಂದಾಳತ್ವದಲ್ಲಿ ವರ್ಷಗಳ ಕಾಲ ಕಾದಾಟ ನಡೆದು 1880ರ ದಶಕದ ಕೊನೆಗೆ ಮೆನೆಲಿಕ್‌ನ ದಂಡನಾಯಕ ಗೊಬನಾ ಅದನ್ನು ಮುರಿದ. ಆಮೇಲೆ ಸೈನಿಕರಿಗೆ ಭೂಮಿ, ರೈತರ ಮೇಲೆ ಕಂದಾಯ. ಕಂದಾಯವನ್ನು ಕೋಚೊದಲ್ಲಿ ಕಟ್ಟಲಾಗುವುದಿಲ್ಲ, ನಗದು ಬೇಕು. ನಗದು ಸಿಗುವ ಜಾಗ 1886ರಲ್ಲಿ ಹುಟ್ಟಿದ ಹೊಸ ರಾಜಧಾನಿ. ಗುರಾಗೆಗಳು ನಡೆದು ಬಂದು ಹೊರೆ ಹೊತ್ತರು, ಕಟ್ಟಡದ ಮಣ್ಣು ಹೊತ್ತರು, 1917ರಲ್ಲಿ ರಾಜಧಾನಿ ಮುಟ್ಟಿದ ರೈಲಿನ ಸರಕು ಇಳಿಸಿದರು. ಕೈಯಲ್ಲಿ ಒಂದಷ್ಟು ಕೂಡಿದ ಮೇಲೆ ತಲೆಮೇಲಿನ ಬುಟ್ಟಿ ವ್ಯಾಪಾರ, ಆಮೇಲೆ ಗೂಡಂಗಡಿ. 1936ರಿಂದ 41ರವರೆಗಿನ ಇಟಲಿಯ ಆಕ್ರಮಣದಲ್ಲಿ ಸ್ಥಳೀಯರ ಸಂತೆಯನ್ನು ನಗರದ ಹಳೆಯ ನಡುಭಾಗದಿಂದ ಪಶ್ಚಿಮಕ್ಕೆ ದಬ್ಬಿದರು. ಅದೇ ಮರ್ಕಾಟೊ. ಯೆಮೆನಿ ಅರಬರು ಬಿಟ್ಟುಹೋದ ಅಂಗಡಿಗಳಿಗೆ ಮುಂದೆ ಅನೇಕ ಕಡೆ ಗುರಾಗೆಗಳೇ ಬಂದು ಕೂತರು. ಹಾಡುಗಾರ ಮಹಮೂದ್ ಅಹ್ಮದ್ ಹುಟ್ಟಿ ಬೆಳೆದದ್ದು ಈ ಮರ್ಕಾಟೊ ಕೇರಿಯ ಗುರಾಗೆ ಮನೆಯಲ್ಲಿ. ದೇಶದ ದೊಡ್ಡ ದನಿಯಾಗುವ ಮುಂಚೆ ಅವರೂ ಬೂಟು ಒರೆಸಿದವರೇ. 2007ರ ಜನಗಣತಿಯಲ್ಲಿ ಗುರಾಗೆಗಳು ಸುಮಾರು 18 ಲಕ್ಷ 67 ಸಾವಿರ, ಅವರಲ್ಲಿ 7 ಲಕ್ಷ 92 ಸಾವಿರ ಪಟ್ಟಣವಾಸಿಗಳು. ನೂರಕ್ಕೆ 42. ಆಗ ಇಡೀ ದೇಶದಲ್ಲಿ ಪಟ್ಟಣವಾಸಿಗಳು ನೂರಕ್ಕೆ 16 ಮಾತ್ರ.

ಬಂಡವಾಳ ಎಲ್ಲಿಂದ ಬಂತು? ಬ್ಯಾಂಕು ಇವರಿಗೆ ಸಾಲ ಕೊಡುತ್ತಿರಲಿಲ್ಲ. ಇಕೂಬ್ ಕೊಡುತ್ತಿತ್ತು. ನಮ್ಮ ಚೀಟಿಯಂಥದ್ದೇ, ಆದರೆ ಹರಾಜಿಲ್ಲ. ಇಪ್ಪತ್ತು ಜನ ವಾರಕ್ಕೆ ತಲಾ 500 ಬಿರ್ ಹಾಕಿದರೆ ಪ್ರತಿ ವಾರ 10,000 ಬಿರ್ ಲಾಟರಿ ಎತ್ತಿ ಒಬ್ಬನಿಗೆ. ಒಬ್ಬ ಮುಖ್ಯಸ್ಥ, ಒಬ್ಬ ಲೆಕ್ಕಿಗ. ತುರ್ತಿರುವವನು ಆ ವಾರ ಗೆದ್ದವನನ್ನು ಒಪ್ಪಿಸಿ ಅವನ ಸರದಿಯನ್ನು ಪಡೆಯಬಹುದು. ಇದು ಮುರಿಯುವುದು ಮೊದಲ ವಾರಗಳಲ್ಲೇ ದುಡ್ಡು ಎತ್ತಿದವನು ಕಂತು ನಿಲ್ಲಿಸಿದಾಗ. ಅದಕ್ಕೆಂದೇ ಹಣ ಕೈಗೆ ಕೊಡುವ ಮುಂಚೆ ಜಾಮೀನುದಾರನ ಸಹಿ ಬೇಕು, ಜಾಮೀನು ನಿಂತವನೂ ಅದೇ ಇಕೂಬಿನ ಸದಸ್ಯನಾದರೆ ಇನ್ನೂ ಗಟ್ಟಿ. ತಪ್ಪಿಸಿಕೊಂಡವನು ಅಂಗಡಿ ಬದಲಿಸಬಹುದು, ಊರು ಬದಲಿಸಲಾಗದು. ಅವನ ಹಳ್ಳಿಯಲ್ಲಿ ಸುದ್ದಿ ಅವನಿಗಿಂತ ಮೊದಲು ತಲುಪಿರುತ್ತದೆ.

ಇದರ ಜೋಡಿ ಇದ್ದಿರ್, ಸಾವಿನ ಸಂಘ. ಪಟ್ಟಣಕ್ಕೆ ಬಂದ ಗುರಾಗೆಗಳೇ ಇದನ್ನು 20ನೆಯ ಶತಮಾನದ ಆರಂಭದಲ್ಲಿ ಬೆಳೆಸಿದರೆಂಬುದು ಸಾಮಾನ್ಯ ಅಭಿಪ್ರಾಯ. ಇಂದು ಜಾತಿ ಮತ ನೋಡದೆ ಇಥಿಯೋಪಿಯಾದ ಪ್ರತಿ ಕೇರಿಯಲ್ಲೂ ಇದೆ. ತಿಂಗಳ ಚಂದಾ ಕಟ್ಟಿದರೆ ಸಾವಾದ ಮನೆಗೆ ಡೇರೆ, ಬೆಂಚು, ಪಾತ್ರೆ, ಹಣ, ಜೊತೆಗೆ ಕೂರಲು ಜನ. 1960ರ ದಶಕದಲ್ಲಿ ಈ ಕೂಡಿ ಹಾಕುವ ಅಭ್ಯಾಸ ರಸ್ತೆಗೆ ತಿರುಗಿತು. ಸೊದ್ದೊದವರು ಅಡಿಸ್ ಅಬಾಬಾ ಹತ್ತಿರದ ಅಲೆಮ್‌ಗೆನಾದಿಂದ ದಕ್ಷಿಣಕ್ಕೆ ರಸ್ತೆ ಮಾಡಿಸಲು ಸಂಘ ಕಟ್ಟಿದರು, ಏಳು ಮನೆಗಳವರು ತಮ್ಮದೇ ರಸ್ತೆ ಸಂಘ ಕಟ್ಟಿದರು. ಸದಸ್ಯರಿಂದ ವಂತಿಗೆ ಎತ್ತಿ ಸರ್ಕಾರದ ಪಾಲನ್ನೂ ಜಗ್ಗಿ ತಂದರು. ಪಟ್ಟಣದ ಅಂಗಡಿಯವನಿಗೆ ಹಳ್ಳಿಯ ರಸ್ತೆ ಯಾಕೆ ಬೇಕು? ಹಬ್ಬಕ್ಕೆ ಊರು ಸೇರಬೇಕು, ಸತ್ತರೆ ಅಲ್ಲೇ ಮಣ್ಣಾಗಬೇಕು. 1975ರಲ್ಲಿ ದೆರ್ಗ್ ಎಂಬ ಸೈನಿಕ ಸರ್ಕಾರ ಪಟ್ಟಣದ ಹೆಚ್ಚುವರಿ ಮನೆಗಳನ್ನು ರಾಷ್ಟ್ರೀಕರಣ ಮಾಡಿದಾಗ ಬಾಡಿಗೆ ಮನೆಗಳಲ್ಲಿ ದುಡ್ಡು ಹಾಕಿದ್ದ ವ್ಯಾಪಾರಿಗಳು ನೆಲ ಕಚ್ಚಿದರು. ಅದೇ ವರ್ಷದ ಭೂಸುಧಾರಣೆಯಿಂದ ಹಳ್ಳಿಯಲ್ಲಿದ್ದ ಅವರ ಬಂಧುಗಳ ತೋಟ ಭದ್ರವಾಯಿತು.

ಹಬ್ಬವೆಂದರೆ ಮೆಸ್ಕೆಲ್, ಸೆಪ್ಟೆಂಬರ್ 27ರಂದು. ಶಿಲುಬೆ ಸಿಕ್ಕಿದ ದಿನವೆಂದು ದೇಶವೆಲ್ಲ ಆಚರಿಸುತ್ತದೆ, ಗುರಾಗೆಗಳಿಗೆ ಅದು ವರ್ಷದ ತಿರುವು. ಆ ವಾರ ಮರ್ಕಾಟೊದ ಅನೇಕ ಬಾಗಿಲು ಮುಚ್ಚಿರುತ್ತವೆ, ದಕ್ಷಿಣದ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಮುಸ್ಲಿಂ ಗುರಾಗೆಗಳು ಹಾಗೆ ಊರು ಸೇರುವುದು ಬಕ್ರೀದ್‌ಗೆ, ಅವರ ಬಾಯಲ್ಲಿ ಅರಾಫಾ. ಸಿದ್ಧತೆ ತಿಂಗಳುಗಳ ಮುಂಚೆ ಶುರು. ಹೆಂಗಸರಿಗೆ ವಿಜೊ ಎಂಬ ಬೆಣ್ಣೆಯ ಚೀಟಿಯಿದೆ: ಪ್ರತಿಯೊಬ್ಬಳೂ ಸರದಿಯ ಮೇಲೆ ಬೆಣ್ಣೆ ಹಾಕುತ್ತಾಳೆ, ಒಂದೇ ಹಸುವಿನ ಮನೆಗೂ ಹಬ್ಬಕ್ಕೆ ಗಡಿಗೆ ತುಂಬ ಬೆಣ್ಣೆ ಕೂಡುತ್ತದೆ. ಗಂಡಸರು ಕೆಲವು ಮನೆ ಸೇರಿ ಹೋರಿ ಕೊಂಡು ಪಾಲು ಹಾಕುತ್ತಾರೆ.

ಆ ಮಾಂಸದಿಂದಲೇ ಕಿತ್ಫೊ. ಕೊಬ್ಬು, ನರ ಇಲ್ಲದ ಮೆತ್ತನೆಯ ಭಾಗವನ್ನೇ ಆರಿಸಿ, ಬಿಳಿ ಪೊರೆಯನ್ನೆಲ್ಲ ಬಿಡಿಸಿ, ಮರದ ಹಲಗೆಯ ಮೇಲೆ ಕತ್ತಿಯಿಂದ ನುಣ್ಣಗೆ ಕೊಚ್ಚಬೇಕು. ಯಂತ್ರಕ್ಕೆ ಹಾಕಿದರೆ ಮಾಂಸ ಬಿಸಿಯಾಗಿ ಮುದ್ದೆಗಟ್ಟುತ್ತದೆ, ರಸ ಬಿಡುತ್ತದೆ. ಒಂದು ಕಿಲೊಗೆ ಸುಮಾರು ಕಾಲು ಕಿಲೊ ಮಸಾಲೆ ತುಪ್ಪ. ಬೆಳ್ಳುಳ್ಳಿ, ಕೊರರಿಮಾ ಎಂಬ ಇಥಿಯೋಪಿಯಾದ ಏಲಕ್ಕಿ, ಮೆಂತ್ಯ, ಕೊಸೆರೆತ್ ಎಂಬ ಸೊಪ್ಪು ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ ಸೋಸಿದ್ದು. ತುಪ್ಪ ಕರಗಿರಬೇಕು, ಆದರೆ ಬೆರಳಿಟ್ಟರೆ ಸುಡಬಾರದು, ಸುಟ್ಟರೆ ಮಾಂಸ ಅಲ್ಲಲ್ಲಿ ಬೆಂದು ಬೂದುಬಣ್ಣಕ್ಕೆ ತಿರುಗುತ್ತದೆ. ಮಿಟ್ಮಿಟಾ ಪುಡಿಯನ್ನು, ಅಂದರೆ ಸಣ್ಣ ಖಾರದ ಮೆಣಸಿನಕಾಯಿ, ಕೊರರಿಮಾ, ಉಪ್ಪು ಕುಟ್ಟಿದ್ದನ್ನು, ತುಪ್ಪದಲ್ಲಿ ಮೊದಲು ಕಲಸಿ ಆಮೇಲೆ ಮಾಂಸಕ್ಕೆ ಸೇರಿಸುತ್ತಾರೆ. ಎನ್ಸೆಟ್ ಎಲೆ ಹಾಸಿದ ಮಣ್ಣಿನ ಬಟ್ಟಲಲ್ಲಿ, ಕೋಚೊ, ಅಯಿಬ್, ಬೆಣ್ಣೆಯಲ್ಲಿ ಬಾಡಿಸಿದ ಸೊಪ್ಪಿನ ಜೊತೆ ಬಡಿಸುತ್ತಾರೆ. ಹಸಿಯಾಗಿ ಒಲ್ಲದವರಿಗೆ ‘ಲೆಬ್ ಲೆಬ್’, ಅಂದರೆ ಬರೀ ಬಿಸಿ ಸೋಕಿಸಿದ್ದು. ಹಸಿ ಮಾಂಸದಿಂದ ಲಾಡಿಹುಳು ಬರುವುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಕೊಸ್ಸೊ ಮರದ ಹೂವಿನ ಕಷಾಯ ಕುಡಿದು ಹೊಟ್ಟೆ ತೊಳೆದುಕೊಳ್ಳುವುದು ಹಳೆಯ ರೂಢಿ, ಅಳತೆ ತಪ್ಪಿದರೆ ಆ ಕಷಾಯವೇ ವಿಷ. ಈಗ ಮಾತ್ರೆ ನುಂಗುತ್ತಾರೆ.

ನ್ಯಾಯಕ್ಕೆ ಸೆಬಾತ್ ಬೇತ್ ಜನರ ಕಟ್ಟಕಡೆಯ ಕಟ್ಟೆ ಎಮ್ದಿಬಿರ್ ಪಟ್ಟಣದ ಬಳಿಯ ಯೆಜೋಕಾ. ಅವರ ಕಟ್ಟಳೆಯ ಹೆಸರು ಕಿಚಾ. ಕಿಸ್ತಾನೆಗಳಿಗೆ ಬೇರೆ ಇದೆ, ಗೊರ್ದನಾ ಸೆರಾ. ಜಗಳ ಮೊದಲು ಊರ ಹಿರಿಯರ ಮುಂದೆ, ತೀರದಿದ್ದರೆ ಕುಲದ ಮುಂದೆ, ಆಮೇಲೆ ‘ಮನೆ’ಯ ಮುಂದೆ, ಕೊನೆಗೆ ಯೆಜೋಕಾ. ಜೈಲಿಲ್ಲ. ಪರಿಹಾರ ಮತ್ತು ಬಹಿಷ್ಕಾರ ಎರಡೇ ಅಸ್ತ್ರ. ಬಹಿಷ್ಕೃತನ ಮನೆಯ ಸಾವಿಗೆ ಯಾರೂ ಬರುವುದಿಲ್ಲ ಎಂಬುದು ಸಾಕಷ್ಟು ಹೆದರಿಕೆ. ಆದರೆ ಈ ಕಟ್ಟೆ ಗಂಡಸರದೇ. ಗಂಡನನ್ನು ಅವನ ಒಪ್ಪಿಗೆಯಿಲ್ಲದೆ ಬಿಟ್ಟವಳನ್ನು ಬೇರೆ ಯಾರೂ ಮದುವೆಯಾಗದಂತೆ ಕಟ್ಟಿಹಾಕುವ ಅಂಕಿತ್ ಎಂಬ ಕಟ್ಟಳೆ ಅದರಲ್ಲಿತ್ತು. 19ನೆಯ ಶತಮಾನದಲ್ಲಿ ಯಕಾಕೆ ವೊರ್ದ್ವೊತ್ ಎಂಬ ಹೆಣ್ಣುಮಗಳು ಹೆಂಗಸರನ್ನು ಕೂಡಿಸಿಕೊಂಡು ಯೆಜೋಕಾ ಮುಂದೆ ನಿಂತು, ಬಹುಪತ್ನಿತ್ವ ನಿಲ್ಲಲಿ, ಹೆಣ್ಣಿಗೂ ಬಿಡುಗಡೆಯ ಹಕ್ಕಿರಲಿ ಎಂದು ವಾದಿಸಿದ ಕಥೆಯನ್ನು ಗುರಾಗೆಗಳು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿದ್ದಾರೆ. ಕೋಚೊ ಯಾರ ಕೈಯಲ್ಲಿ ಹುದುಗುತ್ತಿತ್ತೋ ಅವರೇ ಕೇಳಿದ ಪ್ರಶ್ನೆ ಇದು. ಸಭೆ ಕಿವಿಗೊಡದೆ ಇರಲಾಗಲಿಲ್ಲ.

ಈ ಮಾತು ಕೇಳಿದವರಿಂದ ಬಂದ ಪ್ರಶ್ನೆಗಳಲ್ಲಿ ಮೂರಕ್ಕೆ ಇಲ್ಲಿ ಉತ್ತರ.

ಧರ್ಮದ ಬಗ್ಗೆ: ಆರ್ಥೊಡಾಕ್ಸ್ ಕ್ರೈಸ್ತರು, ಮುಸ್ಲಿಮರು, ಕ್ಯಾಥೊಲಿಕರು ಒಂದೇ ಜೆಫೋರೆಯ ಎರಡು ಬದಿಗೆ ಇರುತ್ತಾರೆ. ಚಾಹಾ ಸೀಮೆಯ ಅಬ್ರೆತ್ ಕಾದಿರಿ ಸೂಫಿಗಳ ದೊಡ್ಡ ಕೇಂದ್ರ. ಎಮ್ದಿಬಿರ್‌ನಲ್ಲಿ 2003ರಿಂದ ಕ್ಯಾಥೊಲಿಕ್ ಧರ್ಮಪ್ರಾಂತವಿದೆ. ಇವಕ್ಕೂ ಹಳೆಯವು ಆಕಾಶದ ವಾಕ್, ಗುಡುಗಿನ ಬೋಝಾ, ಹೆಂಗಸರ ದೇವತೆ ದಮ್ವಾಮ್ವಿತ್. ಬೋಝಾನ ಹೆಸರಿನಲ್ಲಿ ಕಾವಲಿಗೆ ಬಿಟ್ಟ ಹೊಲಕ್ಕೆ ಕಳ್ಳ ಕೈಹಾಕುತ್ತಿರಲಿಲ್ಲ, ಸಿಡಿಲು ಬಡಿಯುತ್ತದೆಂಬ ಭಯ.

ಎನ್ಸೆಟ್‌ಗೆ ರೋಗವಿಲ್ಲವೇ ಎಂಬುದಕ್ಕೆ: ಇದೆ, ಭಾರಿಯಾಗಿಯೇ ಇದೆ. ಕ್ಸಾಂತೊಮೊನಾಸ್ ಬ್ಯಾಕ್ಟೀರಿಯಾದ ಸೊರಗು ರೋಗವನ್ನು 1968ರಲ್ಲಿ ಎನ್ಸೆಟ್‌ನ ಮೇಲೇ ಮೊದಲು ವಿವರವಾಗಿ ದಾಖಲಿಸಿದರು. ನಡುವಿನ ಎಲೆ ಹಳದಿಯಾಗಿ ಜೋತುಬೀಳುತ್ತದೆ, ತೊಟ್ಟು ಕತ್ತರಿಸಿದರೆ ಕೆಲವೇ ನಿಮಿಷಗಳಲ್ಲಿ ಹಳದಿ ಅಂಟು ಹೊರಬರುತ್ತದೆ. ಔಷಧಿಯಿಲ್ಲ. ಹರಡುವುದು ಹೆಚ್ಚಾಗಿ ಕತ್ತಿಯಿಂದ, ಆಮೇಲೆ ಎಲೆ ತಿನ್ನುವ ದನದಿಂದ. ಮೂರು ನಾಲ್ಕು ಸಲ ಕಿತ್ತು ನೆಡುವ ಪದ್ಧತಿಯಲ್ಲಿ ಕತ್ತಿ ತಗಲುವ ಸಂದರ್ಭವೂ ಮೂರು ನಾಲ್ಕು ಪಟ್ಟು, ಇದು ಗುರಾಗೆ ಬೇಸಾಯದ ದುರ್ಬಲ ಜಾಗ. ಮಾಡಬೇಕಾದ್ದು: ಗಿಡವನ್ನು ಗಡ್ಡೆ ಸಮೇತ ಕಿತ್ತು ಆಳಕ್ಕೆ ಹೂಳುವುದು, ಒಂದು ಗಿಡ ಮುಟ್ಟಿದ ಕತ್ತಿಯನ್ನು ಬೆಂಕಿಯಲ್ಲಿ ಕಾಯಿಸದೆ ಇನ್ನೊಂದಕ್ಕೆ ತಾಗಿಸದಿರುವುದು, ಆ ಗುಂಡಿಯಲ್ಲಿ ಕೆಲವು ತಿಂಗಳು ಎನ್ಸೆಟ್ ನೆಡದಿರುವುದು. ನೆರೆಯವನ ಕತ್ತಿ ಎರವಲು ತರುವ ರೂಢಿ ಇರುವವರೆಗೆ ಒಬ್ಬನೇ ಎಚ್ಚರವಾಗಿದ್ದು ಸಾಲದು.

ಭಾಷೆಯ ಬಗ್ಗೆ: ಗುರಾಗೆ ಎಂಬ ಒಂದೇ ಭಾಷೆ ಇಲ್ಲ. ಸೊದ್ದೊದವನೂ ಎನ್ನೆಮೊರ್‌ನವನೂ ಎದುರಾದರೆ ಅಮ್ಹಾರಿಕ್‌ನಲ್ಲಿ ಮಾತಾಡುತ್ತಾರೆ. ಚಾಹಾದಲ್ಲಿ ಗಂಡಿಗೆ ಹೇಳುವ ‘ಮಾಡು’ ಹೆಣ್ಣಿಗೆ ಹೇಳುವಾಗ ಪ್ರತ್ಯಯ ಸೇರುವುದಿಲ್ಲ, ಕ್ರಿಯಾಪದದ ವ್ಯಂಜನವೇ ಮೆತ್ತಗಾಗಿ ತಾಲುವಿಗೆ ಸರಿಯುತ್ತದೆ. ‘ಅವನನ್ನು’ ಎಂಬ ಅರ್ಥವನ್ನು ತುಟಿ ದುಂಡಗೆ ಮಾಡಿದ ವ್ಯಂಜನವೇ ಕೊಡುತ್ತದೆ. ಹಾಗಾಗಿ ಅಮ್ಹಾರಿಕ್‌ಗೆ ಸಾಕಾಗುವ ಗೆಎಜ್ ಲಿಪಿ ಇವರಿಗೆ ಸಾಲುವುದಿಲ್ಲ. ಸೆಬಾತ್ ಬೇತ್ ಅಕ್ಷರಗಳು ಕಂಪ್ಯೂಟರು, ಫೋನುಗಳೆಲ್ಲ ಬಳಸುವ ಅಕ್ಷರಪಟ್ಟಿಯಾದ ಯುನಿಕೋಡಿಗೆ 2005ರಲ್ಲಿ ಸೇರಿದವು. ಗುರಾಗೆ ಭಾಷೆಗಳ ಹೊಸ ಬರವಣಿಗೆಗೆಂದು ಇನ್ನೂ 28 ಅಕ್ಷರಗಳು 2021ರಲ್ಲಿ ಸೇರಿದವು. ಫೋನಿನಲ್ಲಿ ಆ 28 ಅಕ್ಷರಗಳು ಡಬ್ಬಿಗಳಾಗಿ ಕಂಡರೆ ದೋಷ ಬರೆದವರದ್ದಲ್ಲ, ಫಾಂಟ್ ಹಳೆಯದು.